ಕರೆಂಟು ಹೋಗಿ ಬಂದ ಮೇಲೆ ರೌಟರಿನ ಗಡಿಯಾರ ಹಿಂದೆ ಬೀಳುವುದೇಕೆ?

ಓದುಗರ ಪ್ರಶ್ನೆ: ನಮ್ಮದು ಶಿರಸಿ ಕಡೆಯ ಅಡಿಕೆ ವಹಿವಾಟಿನ ಸಂಸ್ಥೆ. ಮುಖ್ಯ ಕಚೇರಿಯಲ್ಲೂ ಶಾಖೆಯಲ್ಲೂ ಓಪನ್‌ಡಬ್ಲ್ಯೂಆರ್‌ಟಿ ಎಂಬ ತಂತ್ರಾಂಶ ಹಾಕಿದ ಸಣ್ಣ ರೌಟರ್‌ಗಳಿವೆ, ನಡುವೆ ಎರಡೂ ಕಚೇರಿಗಳನ್ನು ಗುಪ್ತ ಸುರಂಗದಂತೆ ಜೋಡಿಸುವ ವೈರ್‌ಗಾರ್ಡ್ ವಿಪಿಎನ್. ಶಾಖೆಯ ಇಂಟರ್ನೆಟ್ ಪೂರ್ತಿ ಮುಖ್ಯ ಕಚೇರಿಯ ಮೂಲಕವೇ ಹೋಗುತ್ತದೆ, ಡಿಎನ್‌ಎಸ್ ಕೂಡ ಅಲ್ಲಿಯದೇ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಶಾಖೆಯ ರೌಟರ್ ಮಾರ್ಚ್ ತಿಂಗಳ ಒಂದೇ ದಿನಾಂಕ ತೋರಿಸುತ್ತದೆ, ವಿಪಿಎನ್ ಏಳುವುದೇ ಇಲ್ಲ. ಮುಖ್ಯ ಕಚೇರಿಯಲ್ಲಿ ವಿಪಿಎನ್ ಇಂಟರ್‌ಫೇಸ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ. ಇಂಟರ್ನೆಟ್ಟಿನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಆನ್ ಇದೆ. ಹಾಕಿಕೊಟ್ಟವರು ರೌಟರಿನ ಸೆಲ್ ಹೋಗಿದೆ, ಹೊಸದು ತಗೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು 123ನೇ ಪೋರ್ಟ್ ತೆರೆಯಬೇಕು ಎನ್ನುತ್ತಾರೆ, ಮತ್ತೊಬ್ಬರು ತೆರೆದರೆ ಹ್ಯಾಕ್ ಆಗುತ್ತದೆ ಎನ್ನುತ್ತಾರೆ. ಇದರ ಜೊತೆಗೆ ಮುಖ್ಯ ಕಚೇರಿಯ ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಎರಡೂವರೆ ಗಂಟೆ ಮುಂದಿದೆ. ಕೈಯಿಂದ ಸರಿಪಡಿಸಿದರೆ ಮರುದಿನ ಮತ್ತೆ ಅಷ್ಟೇ ಮುಂದೆ. ಶಾಖೆಯ ಡಿವಿಆರ್ 14 ನಿಮಿಷ ಹಿಂದಿದೆ. ಪೊಲೀಸರು ಒಂದು ದಿನದ ದೃಶ್ಯ ಕೇಳಿದ್ದಾರೆ. ಏನು ಮಾಡಬೇಕು?

ಉತ್ತರ: ನೀವು ಒಂದೇ ತೊಂದರೆ ಅಂದುಕೊಂಡಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ರೌಟರಿನದು ಒಂದು, ಎರಡು ಡಿವಿಆರ್‌ಗಳದು ಒಂದೊಂದು. ಮೂರಕ್ಕೂ ಹೊಸ ರೌಟರ್ ಬೇಕಾಗಿಲ್ಲ. ನೀವು ಬರೆದಿರುವ ಎರಡು ಸಂಗತಿಗಳು, ಅಂದರೆ ಪ್ರತಿ ಸಲವೂ ಮಾರ್ಚ್‌ನ ಅದೇ ದಿನಾಂಕ ಬರುವುದು ಮತ್ತು ಮುಖ್ಯ ಕಚೇರಿಯ ಕಡೆ ಇಂಟರ್‌ಫೇಸ್ ರೀಸ್ಟಾರ್ಟ್ ಮಾಡಿದರೆ ವಿಪಿಎನ್ ಏಳುವುದು, ರೋಗವನ್ನು ಹೆಚ್ಚುಕಡಿಮೆ ಹೆಸರಿಟ್ಟೇ ಹೇಳುತ್ತವೆ.

ಮೊದಲು ಸೆಲ್ಲಿನ ಮಾತು. ಮನೆ, ಸಣ್ಣ ಕಚೇರಿಗಳಿಗೆ ಬರುವ ಬಹುತೇಕ ರೌಟರ್‌ಗಳಲ್ಲಿ ಗಡಿಯಾರಕ್ಕೆಂದು ಸೆಲ್ ಇರುವುದೇ ಇಲ್ಲ, ಆದ್ದರಿಂದ ಅದು ಹೋಗುವ ಪ್ರಶ್ನೆಯೂ ಇಲ್ಲ. ಕಂಪ್ಯೂಟರಿನ ಮದರ್‌ಬೋರ್ಡ್‌ನಲ್ಲಿ, ಡಿವಿಆರ್ ಬೋರ್ಡ್‌ನಲ್ಲಿ ಬಿಲ್ಲೆಯಾಕಾರದ ಸಿಆರ್2032 ಅಥವಾ ಅದರ ತಮ್ಮನಂಥದೊಂದು ಸೆಲ್ ಇರುತ್ತದೆ, ಕರೆಂಟು ಇಲ್ಲದಾಗಲೂ ಗಡಿಯಾರ ಓಡಿಸುವುದು ಅದೇ. ರೌಟರಿನಲ್ಲಿ ಕರೆಂಟು ಹೋದ ಕ್ಷಣವೇ ಗಡಿಯಾರ ಅಳಿಸಿಹೋಗುತ್ತದೆ. ಇದು ತಯಾರಿಕೆಯ ಉಳಿತಾಯ, ದೋಷವಲ್ಲ. ಅದೇ ದರ್ಜೆಯ ಹೊಸ ರೌಟರ್ ತಂದರೂ ಇದೇ ಕಥೆ.

ಹಾಗಾದರೆ ಇಂಥ ಯಂತ್ರಗಳ ಕಾಲಗಣನೆ ಶುರುವಾಗುವ 1970 ಬರಬೇಕಿತ್ತಲ್ಲ, ಮಾರ್ಚ್ ಏಕೆ? ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಸಿಸ್‌ಫಿಕ್ಸ್‌ಟೈಮ್ ಎಂಬ ಸಣ್ಣ ಸ್ಕ್ರಿಪ್ಟ್ ಇದೆ. ರೌಟರ್ ಬೂಟ್ ಆಗುವಾಗ ಅದು ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರಿನ ಕಡತಗಳಲ್ಲಿ ಕೊನೆಯದಾಗಿ ಬದಲಾದದ್ದು ಯಾವುದು ಎಂದು ಹುಡುಕಿ, ಆ ಕಡತದ ದಿನಾಂಕವನ್ನೇ ಗಡಿಯಾರಕ್ಕೆ ಇಡುತ್ತದೆ. ಕಳೆದ ಮಾರ್ಚ್‌ನ ಆ ದಿನ ಯಾರೋ ಶಾಖೆಯ ರೌಟರಿನಲ್ಲಿ ಏನೋ ಬದಲಿಸಿ ಸೇವ್ ಒತ್ತಿದ್ದಾರೆ. ಆಮೇಲೆ ಯಾರೂ ಮುಟ್ಟಿಲ್ಲ. ಅಷ್ಟೇ ಅದರ ಅರ್ಥ. 1970ಕ್ಕಿಂತ ಇದು ವಾಸಿ, ಆದರೆ ಇದು ಊಹೆಯ ಸಮಯ. ನಿಜವಾದ ಸಮಯ ಎನ್‌ಟಿಪಿಯಿಂದಲೇ ಬರಬೇಕು.

ಎನ್‌ಟಿಪಿ ಬರುತ್ತಿಲ್ಲ ಏಕೆ

ಇಲ್ಲೇ ಗಂಟಿರುವುದು. ಶಾಖೆಯ ರೌಟರ್ ಎದ್ದ ಕೂಡಲೇ ಸಮಯ ಕೇಳಲು ಹೊರಡುತ್ತದೆ. ಸರ್ವರಿನ ಹೆಸರನ್ನು ಐಪಿ ವಿಳಾಸಕ್ಕೆ ಬಿಡಿಸಲು ಡಿಎನ್‌ಎಸ್ ಬೇಕು. ಡಿಎನ್‌ಎಸ್ ಇರುವುದು ಮುಖ್ಯ ಕಚೇರಿಯಲ್ಲಿ, ಅಂದರೆ ವಿಪಿಎನ್ ಸುರಂಗದ ಆಚೆ ತುದಿಯಲ್ಲಿ. ಒಂದು ವೇಳೆ ವಿಳಾಸ ಸಿಕ್ಕಿದರೂ, ಎಲ್ಲ ಸಂಚಾರವನ್ನೂ ಸುರಂಗದೊಳಗೆ ಕಳಿಸಬೇಕೆಂದು ನೀವು ಹೇಳಿರುವುದರಿಂದ ಎನ್‌ಟಿಪಿ ಪ್ಯಾಕೆಟ್ಟೂ ಅದೇ ಸುರಂಗಕ್ಕೆ ಹೋಗಿ ನಿಲ್ಲುತ್ತದೆ. ಸುರಂಗ ಏಳಬೇಕಾದರೆ ಸರಿಯಾದ ಸಮಯ ಬೇಕು, ಸಮಯ ಬರಬೇಕಾದರೆ ಸುರಂಗ ಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯಂತಾಗಿದೆ.

ಸುರಂಗಕ್ಕೂ ಸಮಯಕ್ಕೂ ಏನು ಸಂಬಂಧ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೈರ್‌ಗಾರ್ಡ್ ಹಾಕುವವರಲ್ಲಿ ಹಲವರು ಇದನ್ನು ಗಮನಿಸಿರುವುದಿಲ್ಲ, ಏಕೆಂದರೆ ಅದರಲ್ಲಿ ಸರ್ಟಿಫಿಕೇಟ್‌ಗಳಿಲ್ಲ, ಅವಧಿ ಮುಗಿಯುವ ಗೊಡವೆಯಿಲ್ಲ. ಆದರೂ ಒಂದು ಕಡೆ ಅದು ಗಡಿಯಾರವನ್ನು ನಂಬುತ್ತದೆ. ಹ್ಯಾಂಡ್‌ಶೇಕ್, ಅಂದರೆ ಎರಡು ತುದಿಗಳು ಪರಸ್ಪರ ಗುರುತು ಹೇಳಿಕೊಳ್ಳುವ ಮಾತುಕತೆ, ಶುರು ಮಾಡುವ ಪ್ರತಿ ಮೊದಲ ಪ್ಯಾಕೆಟ್ಟಿನಲ್ಲೂ ಕಳಿಸಿದವರ ಗಡಿಯಾರದ ಸಮಯ ಗುಪ್ತಲಿಪಿಯಲ್ಲಿ ಇರುತ್ತದೆ. ಆಚೆ ತುದಿ ಪ್ರತಿ ಪೀರ್‌ನಿಂದ (ಜೋಡಿಸಿಕೊಂಡ ಯಂತ್ರದಿಂದ) ತಾನು ಕಂಡ ಅತ್ಯಂತ ಈಚಿನ ಸಮಯವನ್ನು ನೆನಪಿಟ್ಟುಕೊಂಡಿರುತ್ತದೆ. ಅದಕ್ಕಿಂತ ಹಿಂದಿನ ಸಮಯದ ಪ್ಯಾಕೆಟ್ ಬಂದರೆ, ಯಾರೋ ಹಳೆಯ ಪ್ಯಾಕೆಟ್ಟನ್ನು ಹಿಡಿದಿಟ್ಟು ಮತ್ತೆ ಬಿಡುತ್ತಿದ್ದಾರೆ ಎಂದು ಅದನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಶಾಖೆಗೆ ಯಾವ ಉತ್ತರವೂ ಹೋಗುವುದಿಲ್ಲ.

ಕರೆಂಟು ಹೋಗುವ ಮುಂಚಿನ ಎರಡು ಮೂರು ನಿಮಿಷದೊಳಗೆ ನಿಮ್ಮ ಶಾಖೆ ಜುಲೈ ತಿಂಗಳ ಸಮಯ ಹಾಕಿ ಹ್ಯಾಂಡ್‌ಶೇಕ್ ಮಾಡಿರುತ್ತದೆ. ಕರೆಂಟು ಬಂದ ಮೇಲೆ ಮಾರ್ಚ್‌ನ ಸಮಯ ಹಾಕಿ ಬಾಗಿಲು ತಟ್ಟುತ್ತದೆ. ಮುಖ್ಯ ಕಚೇರಿ ಅದನ್ನು ಕಸದ ಬುಟ್ಟಿಗೆ ಹಾಕುತ್ತದೆ. ನೀವು ಮುಖ್ಯ ಕಚೇರಿಯಲ್ಲಿ ಇಂಟರ್‌ಫೇಸ್ ನಿಲ್ಲಿಸಿ ಶುರು ಮಾಡಿದಾಗ ಆ ನೆನಪು ಅಳಿಸಿಹೋಗಿ, ಮಾರ್ಚ್‌ನ ಪ್ಯಾಕೆಟ್ಟೂ ಒಪ್ಪಿಗೆಯಾಗುತ್ತದೆ. ಸುರಂಗ ಎದ್ದಿತು, ಡಿಎನ್‌ಎಸ್ ಸಿಕ್ಕಿತು, ಎನ್‌ಟಿಪಿ ಬಂತು, ಗಡಿಯಾರ ಜುಲೈಗೆ ಹಾರಿತು. ಮುಂದಿನ ಸಲ ಕರೆಂಟು ಹೋಗುವ ತನಕ ಎಲ್ಲ ಸರಿ. ಮುಖ್ಯ ಕಚೇರಿಯೇ ಮೊದಲು ಹ್ಯಾಂಡ್‌ಶೇಕ್ ಶುರು ಮಾಡಬಹುದಲ್ಲ ಎಂದು ಕೇಳಬಹುದು. ಶಾಖೆಗೆ ಸ್ವಂತ ಪಬ್ಲಿಕ್ ಐಪಿ ಇದ್ದರೆ ಸಾಧ್ಯ. ಸಾಮಾನ್ಯ ಫೈಬರ್ ಸಂಪರ್ಕಗಳಲ್ಲಿ ಹಲವು ಗ್ರಾಹಕರು ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂತಿರುತ್ತಾರೆ. ಆಗ ಹೊರಗಿನಿಂದ ಶಾಖೆಯನ್ನು ಮುಟ್ಟಲು ದಾರಿಯಿಲ್ಲ, ಶಾಖೆಯೇ ಮೊದಲು ಕರೆಯಬೇಕು.

ಉಂಗುರವನ್ನು ಮುರಿಯುವುದು

ಮಾಡಬೇಕಾದ್ದು ಇಷ್ಟೇ: ಎನ್‌ಟಿಪಿಗೆ ಸುರಂಗವೂ ಬೇಡ, ಡಿಎನ್‌ಎಸ್ಸೂ ಬೇಡ ಎನ್ನುವಂಥ ಒಂದು ದಾರಿ ಕೊಡಬೇಕು. ಶಾಖೆಯ ರೌಟರಿನ ಲೂಸಿ ಪುಟಕ್ಕೆ, ಅಂದರೆ ಬ್ರೌಸರಿನಲ್ಲಿ ತೆರೆಯುವ ಸೆಟ್ಟಿಂಗ್ ಪುಟಕ್ಕೆ ಹೋಗಿ. ಬದಲಿಸುವ ಮುನ್ನ ಸಿಸ್ಟಮ್ ಮೆನುವಿನ ಬ್ಯಾಕಪ್ ಪುಟದಿಂದ ಈಗಿನ ಸೆಟ್ಟಿಂಗ್‌ಗಳ ಒಂದು ಪ್ರತಿ ಇಳಿಸಿಕೊಳ್ಳಿ.

ಸಿಸ್ಟಮ್ ಮೆನುವಿನೊಳಗಿನ ಸಿಸ್ಟಮ್ ಪುಟದಲ್ಲಿ ಟೈಮ್ ಸಿಂಕ್ರೊನೈಸೇಶನ್ ಎಂಬ ಟ್ಯಾಬ್ ಇದೆ. ಎನೇಬಲ್ ಎನ್‌ಟಿಪಿ ಕ್ಲೈಂಟ್ ಟಿಕ್ ಆಗಿರಲಿ. ಕೆಳಗೆ ಸರ್ವರ್‌ಗಳ ಪಟ್ಟಿಯಲ್ಲಿ ಮೊದಲೇ ಬಂದ ನಾಲ್ಕು ಪೂಲ್ (ಸ್ವಯಂಸೇವಕರ ಸಮಯ ಸರ್ವರ್‌ಗಳ ಗುಂಪು) ಹೆಸರುಗಳಿರುತ್ತವೆ. ಅವುಗಳ ಜಾಗದಲ್ಲಿ ಐದು ನಮೂದು ಹಾಕಿ. ಮೊದಲೆರಡು ಹೆಸರಲ್ಲ, ಬರಿ ಐಪಿ ವಿಳಾಸ: 162.159.200.1 ಮತ್ತು 162.159.200.123. ಇವು ಕ್ಲೌಡ್‌ಫ್ಲೇರ್‌ನ ಸಾರ್ವಜನಿಕ ಸಮಯ ಸೇವೆಯ ವಿಳಾಸಗಳು. ಉಳಿದ ಮೂರು ಹೆಸರುಗಳು: ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನ ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್, ಸಮಯ್2 ಡಾಟ್ ಎನ್‌ಐಸಿ ಡಾಟ್ ಇನ್, ಮತ್ತು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಭಾರತೀಯ ಕಾಲಮಾನವನ್ನು ಕಾಯುವ ಪರಮಾಣು ಗಡಿಯಾರಗಳಿರುವುದು ಆ ಪ್ರಯೋಗಾಲಯದಲ್ಲೇ.

ಇಷ್ಟರಿಂದ ಡಿಎನ್‌ಎಸ್‌ನ ಹಂಗು ತಪ್ಪಿತು, ಸುರಂಗದ್ದು ಇನ್ನೂ ಇದೆ. ನೆಟ್‌ವರ್ಕ್ ಮೆನುವಿನ ರೌಟಿಂಗ್ ಪುಟದಲ್ಲಿ ಎರಡು ಸ್ಟ್ಯಾಟಿಕ್ ಐಪಿವಿ4 ದಾರಿಗಳನ್ನು ಸೇರಿಸಿ. ಇಂಟರ್‌ಫೇಸ್ ವ್ಯಾನ್ (ಇಂಟರ್ನೆಟ್ ಕಡೆಯದು), ಟಾರ್ಗೆಟ್ 162.159.200.1/32. ಎರಡನೆಯದೂ ಹಾಗೇ, ಕೊನೆಯಲ್ಲಿ 123/32. ನಿಮ್ಮ ಸಂಪರ್ಕ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಆಗಿದ್ದರೆ ಗೇಟ್‌ವೇ ಜಾಗ ಖಾಲಿ ಬಿಡಿ. ರೌಟರಿನ ಹಿಂದೆ ಕಂಪನಿಯ ಫೈಬರ್ ಪೆಟ್ಟಿಗೆಯೇ ಐಪಿ ಹಂಚುತ್ತಿದ್ದರೆ ಆ ಪೆಟ್ಟಿಗೆಯ ವಿಳಾಸವನ್ನು ಗೇಟ್‌ವೇ ಆಗಿ ಕೊಡಿ, ಹೆಚ್ಚಾಗಿ ಅದು 192.168.1.1 ಇರುತ್ತದೆ. ನಿಮ್ಮ ರೌಟರಿನದೂ ಅದೇ ವಿಳಾಸ ಆಗಿದ್ದರೆ ಬೇರೆ ತಲೆನೋವು, ಒಂದನ್ನು ಬದಲಿಸಿಕೊಳ್ಳಿ. ಸುರಂಗದ ದಾರಿ 0.0.0.0/0, ಅಂದರೆ ಎಲ್ಲ ವಿಳಾಸಗಳಿಗೂ ಇದ್ದರೂ, /32 ಎಂಬುದು ಒಂದೇ ವಿಳಾಸಕ್ಕೆ ನಿಖರವಾಗಿ ಬರೆದ ದಾರಿಯಾದ್ದರಿಂದ ಅದೇ ಗೆಲ್ಲುತ್ತದೆ. ಈ ಎರಡು ವಿಳಾಸ ಬಿಟ್ಟು ಉಳಿದ ಸಂಚಾರ ಎಂದಿನಂತೆ ಮುಖ್ಯ ಕಚೇರಿಯ ಮೂಲಕವೇ ಹೋಗುತ್ತದೆ, ನೀವು ಯಾವ ಕಾರಣಕ್ಕೆ ಹಾಗೆ ಮಾಡಿದ್ದೀರೋ ಅದು ಕೆಡುವುದಿಲ್ಲ. ವೈರ್‌ಗಾರ್ಡ್ ಪೀರ್ ಸೆಟ್ಟಿಂಗಿನಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದಿದೆಯೇ ನೋಡಿ. ಇಲ್ಲದಿದ್ದರೆ ಶಾಖೆಯಲ್ಲಿ ಯಾರಾದರೂ ಕೆಲಸ ಶುರು ಮಾಡುವ ತನಕ ಅದು ಬಾಗಿಲು ತಟ್ಟುವುದೂ ಇಲ್ಲ.

ಐಪಿ ವಿಳಾಸಗಳನ್ನು ಹೀಗೆ ಬರೆದಿಡುವುದಕ್ಕೆ ಒಂದು ಅಪಾಯವಿದೆ: ಸೇವೆ ಕೊಡುವವರು ಎಂದಾದರೂ ವಿಳಾಸ ಬದಲಿಸಬಹುದು. ಅದಕ್ಕೇ ಎರಡನ್ನು ಮಾತ್ರ ಬರೆದು ಉಳಿದವನ್ನು ಹೆಸರಿನಲ್ಲಿ ಬಿಟ್ಟಿದ್ದು. ವರ್ಷಕ್ಕೊಮ್ಮೆ ಪರೀಕ್ಷಿಸಿ. ಪೂಲ್ ಸರ್ವರ್‌ಗಳ ಐಪಿಯನ್ನು ಮಾತ್ರ ಎಂದಿಗೂ ಹೀಗೆ ಬರೆಯಬಾರದು. ಅವು ಸ್ವಯಂಸೇವಕರ ಯಂತ್ರಗಳು, ಇಂದು ಇದ್ದದ್ದು ನಾಳೆ ಇರುವುದಿಲ್ಲ, ಬಿಟ್ಟುಹೋದವರ ಮೇಲೆ ಪ್ಯಾಕೆಟ್ ಸುರಿಯುತ್ತಲೇ ಇರುತ್ತದೆ. 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎನ್‌ಟಿಪಿ ಸರ್ವರಿನ ವಿಳಾಸವನ್ನು ನೆಟ್‌ಗಿಯರ್ ತನ್ನ ಕೆಲವು ಮಾದರಿಯ ರೌಟರ್‌ಗಳ ಫರ್ಮ್‌ವೇರಿನಲ್ಲೇ ಬರೆದಿಟ್ಟು, ಉತ್ತರ ಬರದಿದ್ದರೆ ಸೆಕೆಂಡಿಗೊಮ್ಮೆ ಕೇಳುವಂತೆ ಮಾಡಿದ್ದರಿಂದ ಆ ವಿಶ್ವವಿದ್ಯಾಲಯದ ಜಾಲ ಪ್ರವಾಹದಲ್ಲಿ ಸಿಕ್ಕಂತಾಗಿತ್ತು.

ಸರ್ವರ್ ಎಷ್ಟಿರಬೇಕು ಎಂಬುದಕ್ಕೂ ಲೆಕ್ಕವಿದೆ. ಒಂದೇ ಇದ್ದರೆ ಅದು ಹೇಳಿದ್ದೇ ಸತ್ಯ. ಎರಡಿದ್ದು ಬೇರೆ ಬೇರೆ ಹೇಳಿದರೆ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ, ಹಾಗಾಗಿ ಎರಡು ಅತ್ಯಂತ ಕೆಟ್ಟ ಸಂಖ್ಯೆ. ಮೂರಿದ್ದರೆ ಸುಳ್ಳು ಹೇಳುವ ಒಂದನ್ನು ಬದಿಗಿಡಬಹುದು. ನಾಲ್ಕಿದ್ದರೆ ಒಂದು ನಿಂತುಹೋದ ಮೇಲೂ ಮೂರು ಉಳಿಯುತ್ತವೆ. ಗೂಗಲ್‌ನ ಸಮಯ ಸರ್ವರ್‌ಗಳನ್ನು ಉಳಿದವುಗಳ ಜೊತೆ ಬೆರೆಸಬೇಡಿ. ಭೂಮಿಯ ತಿರುಗುವಿಕೆಗೆ ಗಡಿಯಾರ ಹೊಂದಿಸಲು ಅಪರೂಪಕ್ಕೊಮ್ಮೆ ಅಧಿಕ ಸೆಕೆಂಡ್ ಸೇರಿಸುವ ದಿನ ಅವು ಆ ಒಂದು ಸೆಕೆಂಡನ್ನು 24 ಗಂಟೆಗೆ ಹರಡುತ್ತವೆ, ಸಾಮಾನ್ಯ ಎನ್‌ಟಿಪಿ ಸರ್ವರ್‌ಗಳು ಒಂದೇ ಸಲ ಸೇರಿಸುತ್ತವೆ. 2016ರ ಡಿಸೆಂಬರ್ 31ರ ಬಳಿಕ ಅಂಥ ದಿನ ಬಂದಿಲ್ಲ, ಆದರೂ ಬೆರೆಸುವುದರಿಂದ ಲಾಭವೇನೂ ಇಲ್ಲವಲ್ಲ.

ಸರ್ಕಾರಿ ಸರ್ವರ್‌ಗಳೇ ಬೇಕೇ ಎಂಬ ಪ್ರಶ್ನೆ ನೀವು ಕೇಳಿಲ್ಲ, ಆದರೆ ಸಂಸ್ಥೆಯಾದ್ದರಿಂದ ಹೇಳುತ್ತೇನೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೇವಾ ಪೂರೈಕೆದಾರರು, ಡೇಟಾ ಸೆಂಟರ್‌ಗಳು, ಬಾಡಿ ಕಾರ್ಪೊರೇಟ್‌ಗಳು (ಕಂಪನಿ ಮುಂತಾದ ಸಂಸ್ಥೆಗಳು), ಸರ್ಕಾರಿ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಂದ ಸಮಯ ಪಡೆಯುವ ಸರ್ವರ್‌ಗಳಿಗೆ ಹೊಂದಿಸಬೇಕು ಎನ್ನುತ್ತದೆ. ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆ) 180 ದಿನ ಇಡಬೇಕೆಂದೂ ಅದರಲ್ಲೇ ಇದೆ. ಆಡಿಟ್ ಬಿಗಿಯಾಗಿದ್ದರೆ ಕ್ಲೌಡ್‌ಫ್ಲೇರ್ ಬದಲು ಎನ್‌ಐಸಿ ಸರ್ವರ್‌ಗಳ ಈಗಿನ ಐಪಿಯನ್ನು ಹುಡುಕಿ ಅದಕ್ಕೇ /32 ದಾರಿ ಬರೆಯಿರಿ. ಆಗ ವಿಳಾಸ ಬದಲಾದೀತೇ ಎಂದು ನೋಡುತ್ತಿರುವ ಹೊಣೆ ನಿಮ್ಮದು.

123ನೇ ಪೋರ್ಟಿನ ಗದ್ದಲ

ಇಬ್ಬರೂ ಅರ್ಧ ಸರಿ. ಎನ್‌ಟಿಪಿ ಯುಡಿಪಿ 123ರಲ್ಲಿ ನಡೆಯುತ್ತದೆ. ಆದರೆ ನಿಮ್ಮ ರೌಟರ್ ಕೇಳುವವನು, ಹೇಳುವವನಲ್ಲ. ಒಳಗಿನಿಂದ ಹೋದ ಪ್ರಶ್ನೆಗೆ ಬಂದ ಉತ್ತರವನ್ನು ಫೈರ್‌ವಾಲ್ ತಾನೇ ಗುರುತಿಸಿ ಒಳಗೆ ಬಿಡುತ್ತದೆ, ಹೊರಗಿನಿಂದ ಯಾವ ಪೋರ್ಟೂ ತೆರೆಯಬೇಕಾಗಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಅಂತೂ ಖಂಡಿತ ಬೇಡ. ಹೊರಗಿನ ಜಗತ್ತಿಗೆ 123 ತೆರೆದರೆ ಅಪಾಯ ನಿಜ. ಎನ್‌ಟಿಪಿ ಸರ್ವರ್‌ಗಳ ಹಳೆಯ ಆವೃತ್ತಿಗಳಲ್ಲಿ ಮಾನ್‌ಲಿಸ್ಟ್ ಎಂಬ ಪುಟ್ಟ ಪ್ರಶ್ನೆಗೆ ಈಚೆಗೆ ಮಾತಾಡಿದ 600 ಯಂತ್ರಗಳ ಪಟ್ಟಿಯೇ ಉತ್ತರವಾಗಿ ಬರುತ್ತಿತ್ತು. ಬೇರೆಯವರ ವಿಳಾಸ ಹಾಕಿ ಪ್ರಶ್ನೆ ಕಳಿಸಿದರೆ ಆ ದೊಡ್ಡ ಉತ್ತರ ಅವರ ಮೇಲೆ ಹೋಗಿ ಬೀಳುತ್ತದೆ. 2014ರ ಫೆಬ್ರುವರಿಯಲ್ಲಿ ಹೀಗೆ ಸೆಕೆಂಡಿಗೆ 400 ಗಿಗಾಬಿಟ್‌ನ ಆಸುಪಾಸಿನ ದಾಳಿ ನಡೆದಿತ್ತು. ಓಪನ್‌ಡಬ್ಲ್ಯೂಆರ್‌ಟಿ ಫೈರ್‌ವಾಲ್ ವ್ಯಾನ್ ಕಡೆಯಿಂದ ಬರುವುದನ್ನು ತಾನಾಗಿಯೇ ತಡೆಯುತ್ತದೆ. ಯಾರಾದರೂ ಈಗಾಗಲೇ 123ಕ್ಕೆ ನಿಯಮ ಬರೆದಿದ್ದರೆ ಅಳಿಸಿ. ಇದೇ ಕಾರಣಕ್ಕೆ, ಮುಖ್ಯ ಕಚೇರಿಯ ಸ್ಟ್ಯಾಟಿಕ್ ಐಪಿಯಲ್ಲೇ ಸಮಯ ಸರ್ವರ್ ಇಟ್ಟು ಶಾಖೆ ಅಲ್ಲಿಂದ ನೇರ ಕೇಳಲಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಶಾಖೆಯ ಐಪಿ ಸ್ಥಿರವಲ್ಲದ್ದರಿಂದ ಎಲ್ಲರಿಗೂ ತೆರೆಯಬೇಕಾಗುತ್ತದೆ.

ಎನ್‌ಟಿಪಿ ಉತ್ತರಕ್ಕೆ ಸಹಿ ಇರುವುದಿಲ್ಲ, ದಾರಿಯಲ್ಲಿ ಕೂತವರು ಸುಳ್ಳು ಸಮಯ ಕೊಡಬಹುದು, ಇದೂ ನಿಜ. ಇದಕ್ಕೆ 2020ರಲ್ಲಿ ಎನ್‌ಟಿಎಸ್ ಎಂಬ ಮಾನದಂಡ ಬಂದಿದೆ, ಕ್ರೋನಿ ಎಂಬ ತಂತ್ರಾಂಶ ಅದನ್ನು ಬಲ್ಲದು. ಆದರೆ ಎನ್‌ಟಿಎಸ್ ಶುರುವಾಗಲು ಸರ್ಟಿಫಿಕೇಟ್ ಪರೀಕ್ಷೆ ಆಗಬೇಕು, ಅದಕ್ಕೆ ಗಡಿಯಾರ ಹೆಚ್ಚುಕಡಿಮೆ ಸರಿ ಇರಬೇಕು. ಸೆಲ್ ಇಲ್ಲದ ರೌಟರಿಗೆ ಮತ್ತದೇ ಗಂಟು. ಐದು ಮೂಲಗಳಿಂದ ಕೇಳುವ ಸಣ್ಣ ಕಚೇರಿಗೆ ಅದು ಸದ್ಯ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರದ ಸಹಿ ನೋಡುವ) ಪರೀಕ್ಷೆ, ಎಚ್‌ಟಿಟಿಪಿಎಸ್ ಮೇಲಿನ ಡಿಎನ್‌ಎಸ್ ಇವುಗಳನ್ನು ಮುಂದೆ ಹಾಕಿಸಿದರೆ ಅವೂ ಸಮಯ ತಪ್ಪಿದಾಗ ಕೈಕೊಡುತ್ತವೆ. ಐಪಿಯಲ್ಲಿ ಬರೆದ ಆ ಎರಡು ನಮೂದು ಆಗಲೂ ಕಾಪಾಡುತ್ತವೆ.

ಬೇರೆ ದಾರಿಗಳು, ಅವುಗಳ ಮಿತಿ

ಗಂಟೆಗೊಮ್ಮೆ ಇಟಿಸಿ ಫೋಲ್ಡರಿನ ಒಂದು ಕಡತದ ದಿನಾಂಕವನ್ನು ಹೊಸದಾಗಿಸುವ ಸಾಲೊಂದನ್ನು ಶೆಡ್ಯೂಲ್ಡ್ ಟಾಸ್ಕ್ಸ್‌ನಲ್ಲಿ ಬರೆದರೆ, ಕರೆಂಟು ಬಂದಾಗ ಗಡಿಯಾರ ಮಾರ್ಚ್‌ಗೆ ಹೋಗದೆ ಕಳೆದ ಗಂಟೆಗೆ ಬರುತ್ತದೆ ಎಂಬ ಉಪಾಯ ಚಾಲ್ತಿಯಲ್ಲಿದೆ. ಸರ್ಟಿಫಿಕೇಟ್ ಪರೀಕ್ಷೆಗಳಿಗೆ ಇದು ಸಾಕು. ನಿಮ್ಮ ವೈರ್‌ಗಾರ್ಡ್‌ಗೆ ಸಾಲದು: ಕೊನೆಯ ಹ್ಯಾಂಡ್‌ಶೇಕ್ ಆದದ್ದು ಕರೆಂಟು ಹೋಗುವ ಎರಡು ಮೂರು ನಿಮಿಷದ ಒಳಗೆ, ಮತ್ತೆ ಎದ್ದ ಗಡಿಯಾರ ತೋರಿಸುವುದು ಅದಕ್ಕಿಂತ ಹಿಂದಿನ ಸಮಯ. ಮುಖ್ಯ ಕಚೇರಿ ಆಗಲೂ ಎಸೆಯುತ್ತದೆ. ಹಾಗಾದರೆ ಒಂದು ದಿನ ಮುಂದಿಟ್ಟುಬಿಡೋಣ ಎಂದು ಹೊರಟರೆ ಇನ್ನೂ ಕೆಡುತ್ತದೆ. ಒಮ್ಮೆ ನಾಳೆಯ ಸಮಯದಲ್ಲಿ ಹ್ಯಾಂಡ್‌ಶೇಕ್ ಆಗಿ, ಆಮೇಲೆ ಎನ್‌ಟಿಪಿ ಇವತ್ತಿಗೆ ತಂದಿತೆಂದರೆ, ನಾಳೆ ಬರುವ ತನಕ ಹೊಸ ಹ್ಯಾಂಡ್‌ಶೇಕ್ ಒಂದೂ ಒಪ್ಪಿಗೆಯಾಗುವುದಿಲ್ಲ. ಕೈಯಿಂದ ಗಡಿಯಾರ ಇಡುವವರೂ ಇದನ್ನು ನೆನಪಿಡಬೇಕು, ತಪ್ಪಿ ಮುಂದಿನ ವರ್ಷ ಒತ್ತಿದರೆ ಮುಖ್ಯ ಕಚೇರಿಯ ಇಂಟರ್‌ಫೇಸ್ ರೀಸ್ಟಾರ್ಟ್ ಮಾಡುವುದೊಂದೇ ಗತಿ.

ಡಿಎಸ್3231ನಂಥ ಗಡಿಯಾರದ ಚಿಪ್ಪನ್ನು ಸೆಲ್ ಸಮೇತ ಜೋಡಿಸುವುದು ರಾಸ್‌ಬೆರಿ ಪೈ ತರಹದ ಬೋರ್ಡ್‌ಗಳಿಗೆ ಒಳ್ಳೆಯದು. ಪೆಟ್ಟಿಗೆ ರೌಟರ್‌ಗಳಲ್ಲಿ ಅದನ್ನು ಜೋಡಿಸುವ ತಂತಿಗಳು ಹೊರಗೆ ಸಿಗುವುದೇ ಅಪರೂಪ, ಬೆಸುಗೆ ಹಾಕಲು ಹೋಗಿ ವಾರಂಟಿಯನ್ನೂ ರೌಟರನ್ನೂ ಕಳೆದುಕೊಳ್ಳಬೇಡಿ.

ಎಲ್ಲಕ್ಕಿಂತ ಸರಳ ಉಪಾಯ ರೌಟರಿಗೆ ಒಂದು ಸಣ್ಣ ಡಿಸಿ ಯುಪಿಎಸ್. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟೇಜನ್ನೇ ಕೊಡುವಂಥದ್ದು, ಆಂಪಿಯರ್ ಅದಕ್ಕಿಂತ ಕಡಿಮೆ ಇರದಂಥದ್ದು ನೋಡಿ ತನ್ನಿ. ಫೈಬರ್ ಪೆಟ್ಟಿಗೆಗೂ ಬ್ಯಾಕಪ್ ಇದ್ದರೆ ಇಂಟರ್ನೆಟ್ಟೂ ಉಳಿಯಬಹುದು, ಆದರೆ ಗಡಿಯಾರದ ದೃಷ್ಟಿಯಿಂದ ರೌಟರ್ ಒಂದು ಜೀವಂತ ಇದ್ದರೆ ಸಾಕು. ಇಂಟರ್ನೆಟ್ ಇಲ್ಲದೆ ದಿನವಿಡೀ ಓಡಿದರೂ ಅದರ ಗಡಿಯಾರ ನಡೆಸುವ ಕ್ವಾರ್ಟ್ಸ್ ಹರಳು ತಪ್ಪುವುದು ಕೆಲವೇ ಸೆಕೆಂಡು: ಹತ್ತು ಲಕ್ಷಕ್ಕೆ 20 ಭಾಗದ ತಪ್ಪಾದರೆ ದಿನಕ್ಕೆ 1.7 ಸೆಕೆಂಡ್. ಆದರೂ ದಾರಿ ಬದಲಿಸುವ ಕೆಲಸ ಬಿಡಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋದರೆ ಯಾವ ಬ್ಯಾಟರಿಯ ತಾಳ್ಮೆಯೂ ಸಾಲುವುದಿಲ್ಲ.

ಎಲ್ಲ ಆದ ಮೇಲೆ ಸುಮ್ಮನೆ ನಂಬಬೇಡಿ, ಪರೀಕ್ಷಿಸಿ. ಮುಖ್ಯ ಕಚೇರಿಯನ್ನು ಮುಟ್ಟದೆ ಶಾಖೆಯ ರೌಟರಿನ ಪಿನ್ನು ಎಳೆದು ಹತ್ತು ನಿಮಿಷ ಬಿಟ್ಟು ಹಾಕಿ. ಸ್ಟೇಟಸ್ ಪುಟದಲ್ಲಿ ಮೊದಲು ಹಳೆಯ ದಿನಾಂಕ ಕಾಣುತ್ತದೆ. ಈಗ ನೀವು ಸೆಟ್ಟಿಂಗ್ ಬದಲಿಸಿರುವುದರಿಂದ ಅದು ಮಾರ್ಚ್ ಆಗಿರುವುದಿಲ್ಲ, ಸೇವ್ ಒತ್ತಿದ ದಿನ ಆಗಿರುತ್ತದೆ. ಇಂಟರ್ನೆಟ್ ಸಿಕ್ಕಿದ ಸ್ವಲ್ಪ ಹೊತ್ತಿಗೆ ಅದು ಸರಿಯಾದ ಸಮಯಕ್ಕೆ ಜಿಗಿಯಬೇಕು, ಸಿಸ್ಟಮ್ ಲಾಗ್‌ನಲ್ಲಿ ಎನ್‌ಟಿಪಿಡಿ (ರೌಟರಿನ ಎನ್‌ಟಿಪಿ ತಂತ್ರಾಂಶ) ಸಮಯ ಬದಲಿಸಿದ ಸಾಲು ಬರಬೇಕು. ಬಳಿಕ ವೈರ್‌ಗಾರ್ಡ್ ಸ್ಟೇಟಸ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಕಾಣಿಸಬೇಕು. ಸಮಯ ಸರಿಯಾಗಿಯೂ ಹ್ಯಾಂಡ್‌ಶೇಕ್ ಇಲ್ಲವೆಂದರೆ ತೊಂದರೆ ಬೇರೆ ಕಡೆ ಇದೆ. ಸಮಯವೇ ಬದಲಾಗಲಿಲ್ಲವೆಂದರೆ ಆ /32 ದಾರಿಗಳನ್ನು, ಅದರಲ್ಲೂ ಗೇಟ್‌ವೇ ಜಾಗವನ್ನು ಮತ್ತೆ ನೋಡಿ. ಸಿಂಕ್ ವಿತ್ ಬ್ರೌಸರ್ ಗುಂಡಿ ಒತ್ತಿ ಸಮಾಧಾನಪಡಬೇಡಿ, ಅದು ನಿಮ್ಮ ಲ್ಯಾಪ್‌ಟಾಪಿನ ಸಮಯವನ್ನು ನಕಲು ಮಾಡುತ್ತದೆ ಅಷ್ಟೇ.

ರೌಟರಿನ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಇರಲಿ. ಒಳಗೆ ಅದು ಐಎಸ್‌ಟಿ ಮೈನಸ್ 5:30 ಎಂದು ಬರೆದುಕೊಳ್ಳುತ್ತದೆ. ಆ ಬರವಣಿಗೆಯ ಪದ್ಧತಿಯಲ್ಲಿ ಗ್ರೀನಿಚ್‌ಗಿಂತ ಪೂರ್ವದ ಊರುಗಳಿಗೆ ಮೈನಸ್ಸೇ ಸರಿ. ತಪ್ಪೆಂದು ತಿಳಿದು ಪ್ಲಸ್ ಮಾಡಿದವರ ಗಡಿಯಾರ 11 ಗಂಟೆ ಹಿಂದೆ ಹೋಗುತ್ತದೆ.

ಡಿವಿಆರ್‌ಗಳು

ಮುಖ್ಯ ಕಚೇರಿಯ ಡಿವಿಆರ್‌ನ ಗಡಿಯಾರ ಕೆಟ್ಟಿಲ್ಲ, ಎನ್‌ಟಿಪಿಯೂ ಚೆನ್ನಾಗಿ ನಡೆಯುತ್ತಿದೆ. ನೀವು ಸರಿಪಡಿಸಿದ್ದನ್ನು ಮರುದಿನ ತಿದ್ದುತ್ತಿರುವುದು ಅದೇ. ಎನ್‌ಟಿಪಿ ಜಗತ್ತಿಗೆಲ್ಲ ಒಂದೇ ಯುಟಿಸಿ ಸಮಯ ಕೊಡುತ್ತದೆ, ಅದಕ್ಕೆ ನಮ್ಮ ಐದೂವರೆ ಗಂಟೆ ಸೇರಿಸುವ ಕೆಲಸ ಆಯಾ ಯಂತ್ರದ್ದು. ನಿಮ್ಮ ಡಿವಿಆರ್ ಎಂಟು ಗಂಟೆ ಸೇರಿಸುತ್ತಿದೆ, ಅಂದರೆ ಅದರ ಟೈಮ್‌ಝೋನ್ ಇನ್ನೂ ಬೀಜಿಂಗ್‌ನದು. ಚೀನಾದಿಂದ ಬಂದ ಯಂತ್ರಗಳಲ್ಲಿ ಕಾರ್ಖಾನೆಯ ಸೆಟ್ಟಿಂಗ್ ಹಾಗೇ ಉಳಿದುಬಿಡುವುದು ಸಾಮಾನ್ಯ. ಝೋನ್ ಅನ್ನು ಜಿಎಂಟಿ+5:30 ಮಾಡಿ, ಸಮಯವನ್ನು ಮುಟ್ಟಬೇಡಿ. ಬೇರೆ ಕಡೆ ಇಂಥದ್ದು ಕಂಡರೆ ವ್ಯತ್ಯಾಸವೇ ಕಾರಣ ಹೇಳುತ್ತದೆ: ಐದೂವರೆ ಗಂಟೆ ಹಿಂದಿದ್ದರೆ ಝೋನ್ ಇಟ್ಟೇ ಇಲ್ಲ, ಅರ್ಧ ಗಂಟೆ ಹಿಂದಿದ್ದರೆ ಜಿಎಂಟಿ+5 ಆಯ್ಕೆಯಾಗಿದೆ, ಸರಿಯಾಗಿ ಒಂದು ಗಂಟೆ ಮುಂದಿದ್ದರೆ ಡಿಎಸ್‌ಟಿ (ಹೊರದೇಶಗಳ ಬೇಸಿಗೆ ಕಾಲಮಾನ) ಟಿಕ್ ಆಗಿದೆ.

ಶಾಖೆಯ ಡಿವಿಆರ್‌ನ 14 ನಿಮಿಷ ಹಾಗಲ್ಲ. ಗಂಟೆ, ಅರ್ಧ ಗಂಟೆಗಳ ಲೆಕ್ಕಕ್ಕೆ ಕೂಡದ ಅಂಥ ಸಂಖ್ಯೆ ಝೋನ್‌ನಿಂದ ಬರುವುದಿಲ್ಲ, ಹರಳಿನ ನಿಧಾನ ಸೋರಿಕೆಯಿಂದ ಬರುತ್ತದೆ. ಹತ್ತು ಲಕ್ಷಕ್ಕೆ 50 ಭಾಗದ ತಪ್ಪೆಂದರೆ ದಿನಕ್ಕೆ 4.3 ಸೆಕೆಂಡ್, ಆರೂವರೆ ತಿಂಗಳಿಗೆ 14 ನಿಮಿಷ. ಅಂದರೆ ಅಲ್ಲಿ ಎನ್‌ಟಿಪಿ ಆನ್ ಇಲ್ಲ, ಇಲ್ಲವೇ ಆನ್ ಇದ್ದರೂ ಡಿವಿಆರ್‌ಗೆ ಗೇಟ್‌ವೇ, ಡಿಎನ್‌ಎಸ್ ಕೊಟ್ಟಿಲ್ಲ. ಅದು ಇಂಟರ್ನೆಟ್ಟಿಗೆ ಹೋಗುವುದೂ ಬೇಡ. ಶಾಖೆಯ ರೌಟರಿನ ಅದೇ ಟೈಮ್ ಸಿಂಕ್ರೊನೈಸೇಶನ್ ಟ್ಯಾಬಿನಲ್ಲಿ ಪ್ರೊವೈಡ್ ಎನ್‌ಟಿಪಿ ಸರ್ವರ್ ಟಿಕ್ ಮಾಡಿ, ಕೆಳಗಿನ ಬೈಂಡ್ ಆಯ್ಕೆಯಲ್ಲಿ ಲ್ಯಾನ್ ಮಾತ್ರ ಆರಿಸಿ. ಡಿವಿಆರ್‌ನ ಎನ್‌ಟಿಪಿ ಸರ್ವರ್ ಜಾಗದಲ್ಲಿ ರೌಟರಿನ ಐಪಿ, ಪೋರ್ಟ್ 123, ಅಂತರ 60 ನಿಮಿಷ. ಯಂತ್ರಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯ 42ನೇ ಆಯ್ಕೆಯಲ್ಲಿ ಸಮಯ ಸರ್ವರಿನ ವಿಳಾಸ ಹಂಚಬಹುದು, ಆದರೆ ಡಿವಿಆರ್‌ಗಳು ಅದನ್ನು ಓದುತ್ತವೆಂದು ನೆಚ್ಚಬೇಡಿ, ಕೈಯಿಂದಲೇ ತುಂಬಿ. ಕರೆಂಟು ಹೋಗಿ ಬಂದಾಗ ಡಿವಿಆರ್ ಕೂಡ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಅದರ ಸೆಲ್ ಮಾತ್ರ ನಿಜಕ್ಕೂ ಹೋಗಿರುತ್ತದೆ. ಮುಚ್ಚಳ ತೆಗೆದು ನಂಬರ್ ನೋಡಿ ಹಾಗೆಯೇ ಇರುವ ಹೊಸದು ಹಾಕಿಸಿ.

ಆದರೆ ಎರಡೂ ಡಿವಿಆರ್‌ಗಳ ಸಮಯವನ್ನು ಈಗಲೇ ತಿದ್ದಬೇಡಿ. ಪೊಲೀಸರು ಕೇಳಿದ ದಿನದ ದೃಶ್ಯವನ್ನು ಮೊದಲು ನಕಲು ಮಾಡಿ ತೆಗೆಯಿರಿ. ಹುಡುಕುವಾಗ ಮುಖ್ಯ ಕಚೇರಿಯದಕ್ಕೆ ನಿಜ ಸಮಯಕ್ಕೆ ಎರಡೂವರೆ ಗಂಟೆ ಕೂಡಿಸಿ ನೋಡಬೇಕು. ಶಾಖೆಯದಕ್ಕೆ ಇವತ್ತಿನ 14 ನಿಮಿಷ ಕಳೆಯುವುದು ಅಂದಾಜು ಮಾತ್ರ, ಆ ದಿನ ಅದು ಇನ್ನೂ ಕಡಿಮೆ ಇದ್ದಿರಬಹುದು, ಆದ್ದರಿಂದ ಹಿಂದೆ ಮುಂದೆ ಅರ್ಧ ಗಂಟೆ ಸೇರಿಸಿಯೇ ಕೊಡಿ. ಡಿವಿಆರ್ ಪರದೆ ಮತ್ತು ನೆಟ್‌ವರ್ಕ್ ಸಮಯ ತೋರಿಸುವ ಮೊಬೈಲ್ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆದಿಡಿ. ವ್ಯತ್ಯಾಸ ಎಷ್ಟಿತ್ತು ಎಂಬುದನ್ನು ದೃಶ್ಯದ ಜೊತೆ ಕೊಡುವ ಪತ್ರದಲ್ಲಿ ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು, ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವೂ ಅದರಲ್ಲಿ ಬರಬೇಕು, ನಮೂನೆಯನ್ನು ಠಾಣೆಯಲ್ಲೇ ಕೇಳಿ. ಅದೆಲ್ಲ ಮುಗಿದ ಮೇಲೆ, ಕಚೇರಿ ಮುಚ್ಚಿರುವ ಹೊತ್ತಿನಲ್ಲಿ ಗಡಿಯಾರ ತಿದ್ದಿ. ಮುಖ್ಯ ಕಚೇರಿಯದು ಎರಡೂವರೆ ಗಂಟೆ ಹಿಂದಕ್ಕೆ ಸರಿಯುವುದರಿಂದ ಅಷ್ಟು ಹೊತ್ತಿನ ರೆಕಾರ್ಡಿಂಗ್ ಒಂದೇ ಸಮಯದ ಹೆಸರಲ್ಲಿ ಎರಡು ಸಲ ಬರುತ್ತದೆ, ಕೆಲವು ಯಂತ್ರಗಳಲ್ಲಿ ಒಂದು ಇನ್ನೊಂದನ್ನು ಮರೆಮಾಡುತ್ತದೆ. ತಿದ್ದಿದ ದಿನ, ಗಂಟೆ, ಎಷ್ಟು ಸರಿಸಿದಿರಿ ಎಂಬುದನ್ನು ಕಚೇರಿಯ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿ.